ಅಪ್ಪನ ದೇಶ, ಅಮ್ಮನ ದೇಶ, ಮಕ್ಕಳ ಅಸ್ಮಿತೆ

ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಜಪಾನಿನ ಒಕಿನಾವಾ ದ್ವೀಪದಲ್ಲಿ ಹುಟ್ಟಿದ ಹಲವು ಮಕ್ಕಳಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ತಾಯಿ ಜಪಾನಿನವಳು, ತಂದೆ ಅಲ್ಲಿನ ಸೇನಾನೆಲೆಗೆ ಬಂದಿದ್ದ ಅಮೆರಿಕದ ಸೈನಿಕ. ಜಪಾನಿನ ಅಂದಿನ ಕಾನೂನು ಮದುವೆಯಾದ ದಂಪತಿಯ ಮಗುವಿಗೆ ತಂದೆಯ ಕಡೆಯಿಂದ ಮಾತ್ರ ಪೌರತ್ವ ಕೊಡುತ್ತಿತ್ತು. ಅಮೆರಿಕದ ಕಾನೂನಾದರೋ, ಹೊರದೇಶದಲ್ಲಿ ವಿದೇಶಿ ತಾಯಿಗೆ ಹುಟ್ಟಿದ ಮಗು ತನ್ನ ಪ್ರಜೆ ಎನಿಸಬೇಕಾದರೆ ತಂದೆ ತನ್ನ ನೆಲದಲ್ಲಿ ಒಟ್ಟು 10 ವರ್ಷ, ಅದರಲ್ಲೂ 14 ತುಂಬಿದ ಮೇಲೆ ಕನಿಷ್ಠ 5 ವರ್ಷ ಕಳೆದಿರಬೇಕು ಎಂದು ಷರತ್ತು ಹಾಕಿತ್ತು. 18 ವಯಸ್ಸಿನ ಸೈನಿಕನೊಬ್ಬನಿಗೆ ಈ ಷರತ್ತನ್ನು ಪೂರೈಸುವುದು ಲೆಕ್ಕದಲ್ಲೇ ಅಸಾಧ್ಯ. ಹೀಗೆ ಎರಡು ಬಲಾಢ್ಯ ದೇಶಗಳ ಪ್ರಜೆಗಳಿಗೆ ಹುಟ್ಟಿದ ಮಗು ಎರಡೂ ದೇಶಗಳ ಪಾಲಿಗೆ ಪರಕೀಯವಾಯಿತು. ಅದು ಎಲ್ಲಿಂದಲೂ ಬಂದಿರಲಿಲ್ಲ. ಹುಟ್ಟಿದ ಊರಿನಲ್ಲೇ ಇತ್ತು.

ಬೇರೆ ಬೇರೆ ದೇಶ, ಭಾಷೆ, ಜನಾಂಗಗಳಿಗೆ ಸೇರಿದ ತಂದೆತಾಯಿಗಳ ಮಕ್ಕಳ ಅಸ್ಮಿತೆಯ ಬಗ್ಗೆ ಮಾತನಾಡುವಾಗ ಚರ್ಚೆ ಸಾಮಾನ್ಯವಾಗಿ ಮಗುವಿನ ಮನಸ್ಸಿನಿಂದ ಆರಂಭವಾಗುತ್ತದೆ. ಅದಕ್ಕೆ ಗೊಂದಲವಿದೆಯೇ, ಅದು ಯಾರ ಕಡೆ ವಾಲುತ್ತದೆ, ಅದಕ್ಕೆ ತನ್ನದೆನ್ನುವ ನೆಲೆ ಸಿಕ್ಕೀತೇ ಎಂಬ ಪ್ರಶ್ನೆಗಳೇ ಮುಂದೆ ನಿಲ್ಲುತ್ತವೆ. ಈ ಯೋಚನಾಕ್ರಮಕ್ಕೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ಷಿಕಾಗೋದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ 1928ರಲ್ಲಿ, ಎರಡು ಸಂಸ್ಕೃತಿಗಳ ಅಂಚಿನಲ್ಲಿ ನಿಂತು ಎರಡರಲ್ಲೂ ಪೂರ್ತಿಯಾಗಿ ಬೆರೆಯಲಾಗದ ಮನುಷ್ಯನ ಚಿತ್ರವೊಂದನ್ನು ಕೊಟ್ಟರು. ಅವರ ನಂತರ ಬಂದವರು ಅದನ್ನು ಮಿಶ್ರ ಮೂಲದವರಿಗೆಲ್ಲ ಅಂಟಿದ ಮನೋರೋಗವೆಂಬಂತೆ ಬೆಳೆಸಿದರು. 1990ರ ದಶಕದಿಂದ ಈಚೆಗೆ, ಮುಖ್ಯವಾಗಿ ಮರಿಯಾ ರೂಟ್ ಅವರಂಥ ಸ್ವತಃ ಮಿಶ್ರ ಮೂಲದ ಮನಶ್ಶಾಸ್ತ್ರಜ್ಞರು ಈ ನೋಟವನ್ನು ತಿರುಗಿಸಿ ಹಾಕಿದ್ದಾರೆ. ಜಾಗಕ್ಕೆ ತಕ್ಕಂತೆ ತನ್ನನ್ನು ಬೇರೆಯಾಗಿ ಗುರುತಿಸಿಕೊಳ್ಳುವುದು, ವಯಸ್ಸಾದಂತೆ ಆ ಗುರುತನ್ನು ಬದಲಿಸಿಕೊಳ್ಳುವುದು ಇವೆಲ್ಲ ಆರೋಗ್ಯವಂತ ಬೆಳವಣಿಗೆಯೇ ಎಂಬುದು ಅವರ ವಾದ. ನನ್ನ ಅಭಿಪ್ರಾಯವೂ ಅದೇ. ಗೊಂದಲ ಎಂದು ನಾವು ಮಗುವಿನ ಮೇಲೆ ಹೊರಿಸುವ ಬಹುಪಾಲು ವಿಷಯ ಹುಟ್ಟುವುದು ಸರ್ಕಾರಿ ಕಚೇರಿಯಲ್ಲಿ, ಗಡಿಯಲ್ಲಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಅಂದರೆ, ನಿಗದಿತ ವಯಸ್ಸಿಗೆ ಒಂದೇ ಉತ್ತರ ಬೇಕೆಂದು ಹಟ ಹಿಡಿಯುವ ಜಾಗಗಳಲ್ಲಿ.

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶವನ್ನು ಬಿಟ್ಟು ಬೇರೆಡೆ ವಾಸಿಸುವವರ ಸಂಖ್ಯೆ 30 ಕೋಟಿ 40 ಲಕ್ಷ. ಇಷ್ಟು ಜನ ಓಡಾಡುವ ಜಗತ್ತಿನಲ್ಲಿ ಗಡಿ ದಾಟಿದ ಮದುವೆಗಳು ಹೆಚ್ಚುವುದು ಸಹಜ. ಆದರೆ ಪೌರತ್ವದ ಕಾನೂನುಗಳು ಬಹಳ ಕಾಲ, ಒಂದು ಕುಟುಂಬಕ್ಕೆ ಒಂದೇ ದೇಶ, ಆ ದೇಶವನ್ನು ನಿರ್ಧರಿಸುವವನು ಗಂಡ ಎಂಬ ನಂಬಿಕೆಯ ಮೇಲೆ ನಿಂತಿದ್ದವು. ತಾಯಿಯೂ ತಂದೆಯಂತೆಯೇ ಮಗುವಿಗೆ ಪೌರತ್ವ ದಾಟಿಸಬಹುದು ಎಂದು ಪಶ್ಚಿಮ ಜರ್ಮನಿ ಒಪ್ಪಿದ್ದು 1975ರಲ್ಲಿ, ಬ್ರಿಟನ್ 1983ರಲ್ಲಿ, ಜಪಾನ್ 1985ರಲ್ಲಿ. ಹೊರದೇಶದಲ್ಲಿ ಭಾರತೀಯ ತಾಯಿಗೆ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಪೌರತ್ವ ಸಿಗಲು ಭಾರತದಲ್ಲಿ 1992ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಇಂದಿಗೂ ಜಗತ್ತಿನ 20ಕ್ಕೂ ಹೆಚ್ಚು ದೇಶಗಳಲ್ಲಿ ಮಹಿಳೆಗೆ ಈ ಹಕ್ಕು ಪುರುಷನಿಗೆ ಸಮನಾಗಿ ಇಲ್ಲ. 1925ರ ಕಾನೂನನ್ನೇ ಇಟ್ಟುಕೊಂಡಿರುವ ಲೆಬನಾನಿನಲ್ಲಿ ವಿದೇಶಿಯನನ್ನು ಮದುವೆಯಾದ ತಾಯಿಯ ಮಕ್ಕಳು, ಅಲ್ಲೇ ಹುಟ್ಟಿ ಅಲ್ಲಿನ ಅರಬ್ಬಿಯನ್ನೇ ಮಾತನಾಡುತ್ತ ಬೆಳೆದರೂ, ವಾಸದ ಪರವಾನಗಿಯನ್ನು ಮತ್ತೆ ಮತ್ತೆ ನವೀಕರಿಸಿಕೊಂಡು ಬದುಕಬೇಕು. ಆ ಮಗುವಿಗೆ ತಾನು ಯಾರು ಎಂಬ ವಿಷಯದಲ್ಲಿ ಅನುಮಾನವಿರಲಾರದು. ಅನುಮಾನವಿರುವುದು ಕಡತಕ್ಕೆ.

ತಂದೆತಾಯಿಗಳ ಮದುವೆಯೂ ಇಂಥದೇ ಇನ್ನೊಂದು ಅಡ್ಡಗೋಡೆಯಾಗಿತ್ತು. ಫಿಲಿಪೀನ್ಸ್ ಮೂಲದ ತಾಯಂದಿರು ಮತ್ತು ಜಪಾನೀ ತಂದೆಯರ ಮಕ್ಕಳು, ಹುಟ್ಟಿದ ಮೇಲೆ ತಂದೆ ತನ್ನ ಮಗುವೆಂದು ಒಪ್ಪಿಕೊಂಡಿದ್ದರೂ ತಂದೆತಾಯಿ ಮದುವೆಯಾಗಿಲ್ಲವೆಂಬ ಕಾರಣಕ್ಕೆ ಜಪಾನಿನ ಪೌರತ್ವದಿಂದ ವಂಚಿತರಾಗಿದ್ದರು. ಅವರಲ್ಲಿ 10 ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಗಳಲ್ಲಿ ಜಪಾನಿನ ಸುಪ್ರೀಂ ಕೋರ್ಟು 2008ರ ಜೂನ್ 4ರಂದು ಆ ನಿಯಮ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ತನ್ನ ಇಚ್ಛೆಯಿಂದಾಗಲಿ ಪ್ರಯತ್ನದಿಂದಾಗಲಿ ಬದಲಿಸಲಾಗದ ಸಂಗತಿಗಾಗಿ ಮಗುವಿಗೆ ಶಿಕ್ಷೆಯಾಗಬಾರದು ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷದ ಕೊನೆಗೆ ಕಾನೂನಿಗೆ ತಿದ್ದುಪಡಿಯೂ ಆಯಿತು.

ಪೌರತ್ವ ಸಿಕ್ಕ ಮೇಲೆ ಆಯ್ಕೆಯ ಗಡುವು ಎದುರಾಗುತ್ತದೆ. ಹುಟ್ಟಿನಿಂದ ಎರಡು ಪೌರತ್ವವಿರುವವರು 22 ತುಂಬುವುದರೊಳಗೆ ಒಂದನ್ನು ಆರಿಸಿಕೊಳ್ಳಬೇಕೆಂದು ಜಪಾನಿನ ಕಾನೂನು ಹೇಳುತ್ತಿತ್ತು. ಪ್ರಾಪ್ತ ವಯಸ್ಸನ್ನು 18ಕ್ಕೆ ಇಳಿಸಿದ 2022ರಿಂದ ಈ ಗಡುವು 20ಕ್ಕೆ ಇಳಿದಿದೆ. ಹೈಟಿ ಮೂಲದ ತಂದೆ ಮತ್ತು ಜಪಾನೀ ತಾಯಿಯ ಮಗಳಾದ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ ಮೂರನೆಯ ವಯಸ್ಸಿಗೇ ಅಮೆರಿಕಕ್ಕೆ ಹೋಗಿ ಅಲ್ಲೇ ಬೆಳೆದವರು. 2019ರಲ್ಲಿ, 22 ತುಂಬುವ ಹೊಸ್ತಿಲಿನಲ್ಲಿ, ಅವರು ಜಪಾನಿನ ಪೌರತ್ವವನ್ನು ಆರಿಸಿಕೊಂಡಾಗ ಅದು ಜಗತ್ತಿನ ಸುದ್ದಿಯಾಯಿತು. ಅವರ ನಿರ್ಧಾರದ ಹಿಂದೆ ಒಲಿಂಪಿಕ್ಸ್ ಇತ್ತು, ಪ್ರಾಯೋಜಕರಿದ್ದರು, ಸಲಹೆಗಾರರಿದ್ದರು. ಅದೇ ವಯಸ್ಸಿನ ಸಾಮಾನ್ಯ ವಿದ್ಯಾರ್ಥಿಯೊಬ್ಬನಿಗೆ ಇವು ಯಾವುವೂ ಇರುವುದಿಲ್ಲ. ಆದರೂ ಅವನ ಮುಂದಿರುವ ಪ್ರಶ್ನೆ ಅಷ್ಟೇ ಭಾರವಾದದ್ದು: ಒಂದು ಪಾಸ್‌ಪೋರ್ಟ್ ಬಿಟ್ಟರೆ ಮುಂದೆ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಅವಳ ದೇಶದಲ್ಲಿ ಹೋಗಿ ನೆಲೆಸಲು ವೀಸಾ ಬೇಕಾಗುತ್ತದೆ, ಇನ್ನೊಂದನ್ನು ಬಿಟ್ಟರೆ ತಾನು ಓದಿದ ದೇಶದಲ್ಲಿ ಕೆಲಸ ಮಾಡುವ ಹಕ್ಕು ಹೋಗುತ್ತದೆ.

ದಕ್ಷಿಣ ಕೊರಿಯಾದಲ್ಲಿ ಇದಕ್ಕೆ ಕಡ್ಡಾಯ ಸೇನಾಸೇವೆಯ ಗಂಟೂ ಬಿದ್ದಿತ್ತು. ಹುಟ್ಟಿನಿಂದ ಎರಡು ಪೌರತ್ವವಿರುವ ಹುಡುಗರು 18 ತುಂಬುವ ವರ್ಷದ ಮಾರ್ಚ್ ಅಂತ್ಯದೊಳಗೆ ಕೊರಿಯಾದ ಪೌರತ್ವವನ್ನು ಬಿಡದಿದ್ದರೆ, ಸೇನಾಸೇವೆಯ ಬಾಧ್ಯತೆ ತೀರುವವರೆಗೂ ಅದನ್ನು ಬಿಡುವಂತಿರಲಿಲ್ಲ. ಹೊರದೇಶದಲ್ಲೇ ಹುಟ್ಟಿ, ತನಗೆ ಕೊರಿಯಾದ ಪೌರತ್ವವಿದೆಯೆಂಬುದೇ ಗೊತ್ತಿಲ್ಲದ ಹುಡುಗರೂ ಈ ಬಲೆಗೆ ಸಿಕ್ಕಿದರು. ಅಲ್ಲಿನ ಸಂವಿಧಾನ ನ್ಯಾಯಾಲಯ 2020ರ ಸೆಪ್ಟೆಂಬರಿನಲ್ಲಿ ಈ ನಿಯಮವನ್ನು ತಪ್ಪೆಂದು ಹೇಳಿತು. ಇದೇ ದೇಶದಲ್ಲಿ, ಮೈಬಣ್ಣ ಮುಖಚಹರೆಗಳಿಂದ ಮಿಶ್ರ ಮೂಲದವರೆಂದು ಕಾಣುವ ಪುರುಷರನ್ನು ಸೇನೆ ಹಿಂದೆಲ್ಲ ಹೊರಗಿಡುತ್ತಿತ್ತು. ಆ ಭೇದ ಹೋದದ್ದು 2011ರಲ್ಲಿ. ಒಂದು ಕಡೆ ಪೌರತ್ವ ಬಿಡಲೊಲ್ಲದ ಕಾನೂನು, ಇನ್ನೊಂದು ಕಡೆ ಮುಖ ನೋಡಿ ಬೇಡವೆಂದ ಸೇನೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ನಮ್ಮವರು ಯಾರು ಎಂಬುದರಲ್ಲಿ ಗೊಂದಲವಿದ್ದದ್ದು ರಾಜ್ಯಕ್ಕೇ ಎಂಬುದು ಸ್ಪಷ್ಟವಾಗುತ್ತದೆ.

ಇನ್ನು ವಲಸೆಯ ನಿಯಮಗಳು. ಮಗುವಿಗೆ ಪೌರತ್ವವಿದ್ದರೂ ತಂದೆ ಅಥವಾ ತಾಯಿಗೆ ಆ ದೇಶದಲ್ಲಿ ಇರಲು ಅನುಮತಿ ಸಿಗದಿದ್ದರೆ ಕುಟುಂಬ ಒಡೆಯುತ್ತದೆ. ವಿದೇಶಿ ಸಂಗಾತಿಯನ್ನು ಕರೆತರಬೇಕಾದರೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯ ಇರಬೇಕೆಂದು ಬ್ರಿಟನ್ 2012ರಲ್ಲಿ ನಿಯಮ ಮಾಡಿತು. 2024ರ ಏಪ್ರಿಲ್‌ನಲ್ಲಿ ಆ ಮಿತಿಯನ್ನು 29,000ಕ್ಕೆ ಏರಿಸಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆದಾಯ ಮಿತಿ ತತ್ತ್ವದಲ್ಲಿ ತಪ್ಪಲ್ಲವಾದರೂ ಅದನ್ನು ಜಾರಿಗೊಳಿಸುವ ನಿಯಮಗಳು ಮಕ್ಕಳ ಹಿತವನ್ನು ಸರಿಯಾಗಿ ಗಣನೆಗೆ ತೆಗೆದುಕೊಂಡಿಲ್ಲವೆಂದು ಹೇಳಿತ್ತು. ಡೆನ್ಮಾರ್ಕ್ 2002ರಲ್ಲಿ, ವಿದೇಶಿ ಸಂಗಾತಿಯನ್ನು ಕರೆತರಲು ಇಬ್ಬರಿಗೂ 24 ತುಂಬಿರಬೇಕೆಂಬ ಷರತ್ತು ತಂದಾಗ ಅನೇಕ ಡೇನಿಶ್ ಯುವಕ ಯುವತಿಯರು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಸಂಸಾರ ಹೂಡಿದರು. ಅವರ ಮಕ್ಕಳು ಡೇನಿಶ್ ತಂದೆ ಅಥವಾ ತಾಯಿಯೊಂದಿಗೆ ಸ್ವೀಡಿಶ್ ಶಾಲೆಗಳಿಗೆ ಹೋಗುತ್ತ, ಮೂರನೆಯ ದೇಶವೊಂದನ್ನು ತಮ್ಮ ಬಾಲ್ಯದ ನೆಲವಾಗಿಸಿಕೊಂಡರು. ಕುಟುಂಬದ ಯಾರೂ ಬಯಸಿ ಆರಿಸಿಕೊಳ್ಳದ ದೇಶವೊಂದು ಮಗುವಿನ ಅಸ್ಮಿತೆಯ ಭಾಗವಾಗುವುದು ಹೀಗೆ.

ಈ ಒಡಕು ಕಣ್ಣಿಗೆ ಕಾಣುವ ಒಂದು ಜಾಗವೆಂದರೆ ವಿಮಾನ ನಿಲ್ದಾಣದ ವಲಸೆ ತಪಾಸಣೆಯ ಸಾಲು. ಸ್ವದೇಶಿಯರಿಗೆ ಒಂದು ಸಾಲು, ವಿದೇಶಿಯರಿಗೆ ಇನ್ನೊಂದು. ಒಟ್ಟಿಗೆ ವಿಮಾನದಲ್ಲಿ ಕುಳಿತು ಬಂದ ಕುಟುಂಬ ಇಲ್ಲಿ ಕವಲೊಡೆಯುತ್ತದೆ. ಮಗು ಯಾರ ಜೊತೆ ನಿಲ್ಲಬೇಕು ಎಂಬುದನ್ನು ಅದರ ಕೈಯಲ್ಲಿರುವ ಪುಸ್ತಕದ ಬಣ್ಣ ನಿರ್ಧರಿಸುತ್ತದೆ. ತಾಯಿಯ ಕುಲನಾಮ ಬೇರೆ, ಮಗುವಿನದು ಬೇರೆ ಎಂದಾದರೆ ಅಧಿಕಾರಿ ಜನನ ಪ್ರಮಾಣಪತ್ರ ಕೇಳುತ್ತಾನೆ, ತಂದೆಯ ಒಪ್ಪಿಗೆ ಪತ್ರ ಕೇಳುತ್ತಾನೆ, ಕೆಲವೊಮ್ಮೆ ಬಗ್ಗಿ ಮಗುವನ್ನೇ ಕೇಳುತ್ತಾನೆ, ಇವರು ಯಾರು ಎಂದು. ಮಕ್ಕಳ ಕಳ್ಳಸಾಗಣೆಯನ್ನು ತಡೆಯಲು ಇಂಥ ತಪಾಸಣೆ ಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದೇ ಬಣ್ಣದ, ಒಂದೇ ಹೆಸರಿನ ಕುಟುಂಬಕ್ಕೆ ಎಂದೂ ಎದುರಾಗದ ಈ ಪ್ರಶ್ನೆ ಮಿಶ್ರ ಕುಟುಂಬದ ಮಗುವಿಗೆ ಮತ್ತೆ ಮತ್ತೆ ಎದುರಾಗುತ್ತದೆ. ತನ್ನ ತಾಯಿ ತನ್ನ ತಾಯಿಯೇ ಎಂಬುದನ್ನು ಕಾಗದದಿಂದ ರುಜುವಾತು ಮಾಡಬೇಕೆಂಬ ಅರಿವು ಅದಕ್ಕೆ ಬಹಳ ಬೇಗ ಬರುತ್ತದೆ.

ವಲಸೆ ಯಾವ ದಿಕ್ಕಿಗೆ ಎಂಬುದೂ ಅಸ್ಮಿತೆಯನ್ನು ಬದಲಿಸುತ್ತದೆ. ಇದರ ತೀವ್ರ ರೂಪವನ್ನು ವಿಯೆಟ್ನಾಮಿನಲ್ಲಿ ಕಾಣಬಹುದು. ಅಮೆರಿಕದ ಸೈನಿಕರಿಗೂ ವಿಯೆಟ್ನಾಮೀ ತಾಯಂದಿರಿಗೂ ಹುಟ್ಟಿದ ಮಕ್ಕಳು 1975ರ ನಂತರ ಆ ದೇಶದಲ್ಲಿ ಶತ್ರುವಿನ ಮಕ್ಕಳೆಂಬ ಹಣೆಪಟ್ಟಿ ಹೊತ್ತು ಬೆಳೆದರು. 1987ರಲ್ಲಿ ಅಮೆರಿಕ ಸಂಸತ್ತು ವಿಶೇಷ ಕಾಯಿದೆಯೊಂದನ್ನು ಮಾಡಿ ಅವರನ್ನು ಕರೆಸಿಕೊಳ್ಳಲು ಮುಂದಾಯಿತು. ಹೆಚ್ಚಿನವರ ಬಳಿ ತಂದೆಯ ಹೆಸರಿನ ದಾಖಲೆಯಿರಲಿಲ್ಲವಾದ್ದರಿಂದ ಸಂದರ್ಶನ ಮಾಡುವ ಅಧಿಕಾರಿಗಳು ಮುಖಲಕ್ಷಣವನ್ನೇ ಸಾಕ್ಷ್ಯವಾಗಿ ಒಪ್ಪಿಕೊಂಡರು. ಅಲ್ಲಿಯವರೆಗೆ ಅವಮಾನಕ್ಕೆ ಕಾರಣವಾಗಿದ್ದ ಮುಖವೇ ಒಮ್ಮೆಲೇ ರಹದಾರಿಯಾಯಿತು. ಅಮೆರಿಕಕ್ಕೆ ಹೋಗುವ ಆಸೆಯಿಂದ ಅವರನ್ನು ತಮ್ಮ ಮನೆಯವರೆಂದು ಹೇಳಿಕೊಂಡ ಕುಟುಂಬಗಳೂ ಇದ್ದವು. ಅಮೆರಿಕ ತಲುಪಿದ ಮೇಲಾದರೂ ಕಥೆ ಮುಗಿಯಲಿಲ್ಲ. ವಿಯೆಟ್ನಾಮಿನಲ್ಲಿ ಅಮೆರಿಕನ್ ಎನಿಸಿಕೊಂಡಿದ್ದವರು ಇಲ್ಲಿ ಇಂಗ್ಲಿಷ್ ಬಾರದ ವಿಯೆಟ್ನಾಮೀ ವಲಸಿಗರಾದರು. ಮುಖ ಅದೇ, ಮನುಷ್ಯ ಅವನೇ. ಸುತ್ತಲಿನ ಜನ ಬದಲಾದದ್ದರಿಂದ ಗುರುತು ಬದಲಾಯಿತು.

ಈಗಿನ ಕಾಲದಲ್ಲಿ ಅದೇ ಪ್ರದೇಶದಲ್ಲಿ ವಲಸೆ ಹಿಮ್ಮುಖವಾಗಿಯೂ ಹರಿಯುತ್ತಿದೆ. ಮದುವೆಯಾಗಿ ದಕ್ಷಿಣ ಕೊರಿಯಾಕ್ಕೋ ತೈವಾನಿಗೋ ಹೋದ ವಿಯೆಟ್ನಾಮೀ ಹೆಣ್ಣುಮಕ್ಕಳಲ್ಲಿ ಕೆಲವರು, ದಾಂಪತ್ಯ ಮುರಿದಾಗ ಅಥವಾ ದುಡಿಮೆಯ ನಡುವೆ ಮಗುವನ್ನು ನೋಡಿಕೊಳ್ಳುವವರಿಲ್ಲದಾಗ, ಮಕ್ಕಳನ್ನು ಮೆಕಾಂಗ್ ನದಿಯ ಮುಖಜ ಪ್ರದೇಶದ ಅಜ್ಜಿಯ ಮನೆಗೆ ಕಳಿಸುತ್ತಾರೆ. ಆ ಮಗುವಿನ ಬಳಿ ಶ್ರೀಮಂತ ದೇಶವೊಂದರ ಪಾಸ್‌ಪೋರ್ಟ್ ಇರುತ್ತದೆ. ಅಜ್ಜಿಯ ಊರಿನಲ್ಲಿ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಸ್ಥಳೀಯ ಮನೆತನ ನೋಂದಣಿಯಲ್ಲಿ ಹೆಸರಿಲ್ಲದ ಕಾರಣ ಶಾಲೆಗೆ ಸೇರಿಸುವುದು, ಆರೋಗ್ಯ ವಿಮೆ ಮಾಡಿಸುವುದು ಕಷ್ಟ. ವೀಸಾ ಅವಧಿ ಮುಗಿದರೆ, ಅಜ್ಜಿಯ ಮಡಿಲಲ್ಲೇ ಬೆಳೆಯುತ್ತಿರುವ ಮಗು ಅಕ್ರಮ ವಾಸಿಯಾಗುತ್ತದೆ. ಈ ಮಗು ಮುಂದೆ ಹದಿಹರೆಯದಲ್ಲಿ ಕೊರಿಯಾಕ್ಕೆ ಮರಳಿದರೆ, ಪೌರತ್ವವಿದ್ದೂ ಭಾಷೆ ಬಾರದವನಾಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಕಾಗದಕ್ಕೂ ಬದುಕಿಗೂ ನಡುವಿನ ಇಂಥ ಅಂತರವನ್ನು ಎರಡು ದೇಶಗಳೂ ಕೂಡಿ ತುಂಬದ ಹೊರತು, ಒಂದೇ ದೇಶದ ಬಹುಸಂಸ್ಕೃತಿ ಯೋಜನೆಗಳಿಂದ ಹೆಚ್ಚೇನೂ ಆಗದು ಎನಿಸುತ್ತದೆ.

ಭಾಷೆಯ ವಿಷಯಕ್ಕೆ ಬರೋಣ. ತಂದೆ ಒಂದು ಭಾಷೆ, ತಾಯಿ ಇನ್ನೊಂದು ಭಾಷೆ ಎಂಬ ಕ್ರಮವನ್ನು ಹಿಡಿದರೆ ಮಗುವಿಗೆ ಎರಡೂ ಬರುತ್ತವೆ ಎಂಬ ನಂಬಿಕೆ ಬಹಳ ಹಳೆಯದು. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೊಂಜಾ ಅವರು ತಮ್ಮ ಮಗ ಫ್ರೆಂಚ್ ಮತ್ತು ಜರ್ಮನ್ ಎರಡನ್ನೂ ಹೀಗೆ ಕಲಿತ ಬಗೆಯನ್ನು 1913ರಲ್ಲೇ ದಾಖಲಿಸಿದ್ದರು. ಆದರೆ ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದಲ್ಲಿ ಸುಮಾರು 1,900 ಕುಟುಂಬಗಳನ್ನು ಅಧ್ಯಯನ ಮಾಡಿದ ಆನಿಕ್ ಡೆ ಹೌವರ್ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಪೋಷಕರು ಗಮನಿಸಬೇಕಾದದ್ದು. ಈ ಕ್ರಮವನ್ನು ಪಾಲಿಸಿದ ಮನೆಗಳಲ್ಲೂ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಮನೆಗಳ ಮಕ್ಕಳು ಅಲ್ಪಸಂಖ್ಯಾತ ಭಾಷೆಯನ್ನು ಮಾತನಾಡುತ್ತಿರಲಿಲ್ಲ. ತಂದೆತಾಯಿ ಇಬ್ಬರೂ ಮನೆಯಲ್ಲಿ ಆ ಭಾಷೆಯನ್ನು ಬಳಸುತ್ತಿದ್ದಾಗ ಅದು ಉಳಿಯುವ ಸಾಧ್ಯತೆ ಹೆಚ್ಚಿತ್ತು. ಅಂದರೆ, ದೂರದ ದೇಶದ ತಾಯಿಯ ಭಾಷೆ ಮಗುವಿಗೆ ದಾಟಬೇಕಾದರೆ ತಂದೆಯೂ ಅದನ್ನು ಅಷ್ಟಿಷ್ಟಾದರೂ ಕಲಿಯಬೇಕು. ಬಹುತೇಕ ಮನೆಗಳಲ್ಲಿ ಈ ಹೊರೆ ವಲಸೆ ಬಂದವಳ ಒಬ್ಬಳ ತಲೆಯ ಮೇಲೇ ಬೀಳುತ್ತದೆ. ಭಾಷೆ ದಾಟದಿದ್ದಾಗ ಮಗು ಕಳೆದುಕೊಳ್ಳುವುದು ಶಬ್ದಗಳನ್ನಷ್ಟೇ ಅಲ್ಲ: ಅಜ್ಜ ಅಜ್ಜಿಯರೊಂದಿಗಿನ ಮಾತುಕತೆ ಯಾರಾದರೂ ಅನುವಾದಿಸುವ ಕುಶಲೋಪರಿಗೆ ಇಳಿಯುತ್ತದೆ, ಆ ಕಡೆಯ ಬಂಧುಗಳು ಭಾವಚಿತ್ರಗಳಾಗಿ ಉಳಿಯುತ್ತಾರೆ. ಶಾಲೆಗಳು ಇಲ್ಲಿ ನೆರವಾಗಬಹುದು. ತೈವಾನ್ 2019ರಿಂದ ಪ್ರಾಥಮಿಕ ಶಾಲೆಗಳ ಪಠ್ಯಕ್ರಮದಲ್ಲಿ ವಿಯೆಟ್ನಾಮೀ, ಇಂಡೊನೇಷ್ಯನ್, ಥಾಯ್ ಸೇರಿದಂತೆ ಆಗ್ನೇಯ ಏಷ್ಯಾದ ಏಳು ಭಾಷೆಗಳನ್ನು ಆಯ್ಕೆಯಾಗಿ ಇಟ್ಟಿದೆ. ಅಮ್ಮನ ಭಾಷೆ ಅಂಕಪಟ್ಟಿಯಲ್ಲಿ ಕಾಣಿಸಿಕೊಂಡಾಗ ಮನೆಯೊಳಗೆ ಅಮ್ಮನ ಸ್ಥಾನವೂ ಏರುತ್ತದೆ.

ಭಾಷೆ ಬಂದರೂ ನೋಟ ಬದಲಾಗಲೇಬೇಕೆಂದಿಲ್ಲ. 2015ರಲ್ಲಿ ಮಿಸ್ ಯೂನಿವರ್ಸ್ ಸ್ಪರ್ಧೆಗೆ ಜಪಾನಿನ ಪ್ರತಿನಿಧಿಯಾಗಿ ಆಯ್ಕೆಯಾದ ಅರಿಯಾನಾ ಮಿಯಾಮೊತೊ ಜಪಾನಿನಲ್ಲೇ ಹುಟ್ಟಿದವರು, ಜಪಾನೀ ಮಾತೃಭಾಷೆಯವರು. ತಂದೆ ಆಫ್ರಿಕನ್ ಅಮೆರಿಕನ್ ಆಗಿದ್ದರಿಂದ ಅವರು ದೇಶವನ್ನು ಪ್ರತಿನಿಧಿಸುವಷ್ಟು ಜಪಾನೀ ಅಲ್ಲವೆಂಬ ಆಕ್ಷೇಪಗಳು ಎದ್ದವು. ಮಗು ಏನನ್ನು ಕಲಿತರೂ, ಹೇಗೆ ಬದುಕಿದರೂ, ಚರ್ಮ ನೋಡಿ ತೀರ್ಪು ಕೊಡುವವರನ್ನು ಒಪ್ಪಿಸುವ ಹೊಣೆ ಅದರದಲ್ಲ. ಈ ವಿಷಯದಲ್ಲಿ ಮಕ್ಕಳಿಗೆ ಹೊಂದಿಕೊಳ್ಳಲು ಕಲಿಸುವ ಸಲಹೆಗಳನ್ನು ಓದುವಾಗಲೆಲ್ಲ ನನಗೆ ಬೇಸರವಾಗುತ್ತದೆ.

ಒಂದೇ ಹಿನ್ನೆಲೆಯ ಮಕ್ಕಳು ಒಂದೇ ಬಗೆಯಲ್ಲಿ ತಮ್ಮನ್ನು ಗುರುತಿಸಿಕೊಳ್ಳುತ್ತಾರೆ ಎಂದು ಭಾವಿಸುವುದೂ ತಪ್ಪು. ಘಾನಾ ಮೂಲದ ಒಬ್ಬನೇ ತಂದೆಗೆ, ಬೇರೆ ಬೇರೆ ಜರ್ಮನ್ ತಾಯಂದಿರಿಗೆ ಬರ್ಲಿನ್ನಿನಲ್ಲಿ ಹುಟ್ಟಿದ ಕೆವಿನ್-ಪ್ರಿನ್ಸ್ ಬೋಟೆಂಗ್ ಮತ್ತು ಜೆರೋಮ್ ಬೋಟೆಂಗ್ ಇಬ್ಬರೂ ಜರ್ಮನಿಯ ಕಿರಿಯರ ತಂಡಗಳಲ್ಲಿ ಫುಟ್‌ಬಾಲ್ ಆಡುತ್ತ ಬೆಳೆದವರು. 2010ರ ವಿಶ್ವಕಪ್ಪಿನಲ್ಲಿ ಅಣ್ಣ ಘಾನಾ ತಂಡದಲ್ಲಿ, ತಮ್ಮ ಜರ್ಮನಿ ತಂಡದಲ್ಲಿ ಎದುರುಬದುರು ಆಡಿದರು. 2014ರಲ್ಲೂ ಅದೇ ಆಯಿತು. ಅಣ್ಣತಮ್ಮಂದಿರ ಆಯ್ಕೆ ಬೇರೆಯಾಗಲು ಕಾರಣ ರಕ್ತವಾಗಿರಲು ಸಾಧ್ಯವಿಲ್ಲ. ಬೆಳೆದ ಬೀದಿ, ಸಿಕ್ಕ ಅವಕಾಶ, ಯಾವ ತಂಡ ಯಾವಾಗ ಕರೆಯಿತು ಎಂಬ ಆಕಸ್ಮಿಕಗಳು ಇಂಥ ನಿರ್ಧಾರಗಳಲ್ಲಿ ಸೇರಿಕೊಂಡಿರುತ್ತವೆ.

ಜನಗಣತಿಯ ಅಂಕಿಗಳನ್ನೂ ಇದೇ ಎಚ್ಚರದಿಂದ ಓದಬೇಕು. ಅಮೆರಿಕದ ಜನಗಣತಿ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತು ಮಾಡಲು ಮೊದಲ ಬಾರಿಗೆ ಅವಕಾಶ ಕೊಟ್ಟದ್ದು 2000ದಲ್ಲಿ. ಆಗ ಹಾಗೆ ಗುರುತಿಸಿಕೊಂಡವರು ಸುಮಾರು 68 ಲಕ್ಷ. 2020ರಲ್ಲಿ ಆ ಸಂಖ್ಯೆ 3 ಕೋಟಿ 38 ಲಕ್ಷಕ್ಕೆ ಏರಿತು. ಇದರಲ್ಲಿ ಮಿಶ್ರ ಕುಟುಂಬಗಳ ನಿಜವಾದ ಹೆಚ್ಚಳ ಒಂದು ಭಾಗವಷ್ಟೇ. ಪ್ರಶ್ನೆ ಕೇಳಿದ ರೀತಿ, ಉತ್ತರಗಳನ್ನು ವಿಂಗಡಿಸಿದ ರೀತಿ ಬದಲಾದದ್ದೂ ದೊಡ್ಡ ಕಾರಣ. ಒಂದೇ ಗೆರೆಯ ಬದಲು ಎರಡು ಗೆರೆ ಬರೆಯಲು ಜಾಗ ಸಿಕ್ಕಾಗ ಜನ ಬರೆದರು.

ತಂದೆತಾಯಿ ಬೇರೆಯಾದಾಗ ಈ ಎಲ್ಲ ಎಳೆಗಳೂ ಒಟ್ಟಿಗೆ ಬಿಗಿಯಾಗುತ್ತವೆ. ಒಬ್ಬರು ಮಗುವನ್ನು ಕರೆದುಕೊಂಡು ತಮ್ಮ ತವರು ದೇಶಕ್ಕೆ ಹೋದರೆ, 1980ರ ಹೇಗ್ ಒಪ್ಪಂದದಂತೆ ಮಗುವನ್ನು ಅದರ ವಾಡಿಕೆಯ ವಾಸಸ್ಥಳಕ್ಕೆ ಮರಳಿಸಿ, ಪಾಲನೆಯ ಹಕ್ಕಿನ ವಿಚಾರಣೆಯನ್ನು ಅಲ್ಲಿನ ನ್ಯಾಯಾಲಯವೇ ನಡೆಸಬೇಕು. ನೂರಕ್ಕೂ ಹೆಚ್ಚು ದೇಶಗಳು ಇದನ್ನು ಒಪ್ಪಿವೆ. ಜಪಾನ್ ಸೇರಿದ್ದು 2014ರಲ್ಲಿ, ಭಾರತ ಇನ್ನೂ ಸೇರಿಲ್ಲ. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ತಾಯಂದಿರಿಗೆ ಈ ಒಪ್ಪಂದ ಮುಳುವಾಗಬಹುದೆಂಬ ಆತಂಕ ನಿಜವಾದದ್ದು, ಅದಕ್ಕೆ ಒಪ್ಪಂದದಲ್ಲಿರುವ ವಿನಾಯಿತಿಯನ್ನು ನ್ಯಾಯಾಲಯಗಳು ಉದಾರವಾಗಿ ಓದಬೇಕು. ಆದರೆ ಒಪ್ಪಂದವೇ ಇಲ್ಲದಿದ್ದಾಗ ಮಗುವಿಗೆ ಅರ್ಧ ಕುಟುಂಬ ಪೂರ್ತಿಯಾಗಿ ಅಳಿಸಿಹೋಗುವ ಅಪಾಯವಿದೆ. ಬೇರೆ ಬೇರೆ ದೇಶಗಳಲ್ಲಿರುವ ತಂದೆತಾಯಿ ಇಬ್ಬರೊಂದಿಗೂ ನಿಯಮಿತ ಸಂಪರ್ಕವಿಟ್ಟುಕೊಳ್ಳುವ ಹಕ್ಕು ಮಗುವಿಗಿದೆ ಎಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 10ನೆಯ ವಿಧಿ ಹೇಳುತ್ತದೆ. ಪೌರತ್ವ, ಹೆಸರು, ಕೌಟುಂಬಿಕ ಸಂಬಂಧಗಳನ್ನು ಒಳಗೊಂಡ ಗುರುತನ್ನು ಉಳಿಸಿಕೊಳ್ಳುವ ಹಕ್ಕನ್ನು 8ನೆಯ ವಿಧಿ ಕೊಡುತ್ತದೆ.

ಹಾಗಾದರೆ ಸರ್ಕಾರಗಳು ಏನು ಮಾಡಬಹುದು? ಎರಡು ಪೌರತ್ವಗಳನ್ನು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ನೇರವಾದ ದಾರಿ. ಸ್ವೀಡನ್ 2001ರಲ್ಲಿ, ಜರ್ಮನಿ 2024ರ ಜೂನ್‌ನಲ್ಲಿ ಈ ದಾರಿ ಹಿಡಿದವು. ನಿಷ್ಠೆ ಹಂಚಿಹೋಗುತ್ತದೆ ಎಂಬ ಹಳೆಯ ವಾದ ಸ್ವೀಡನ್ನಿನ ಇಷ್ಟು ವರ್ಷಗಳ ಅನುಭವದಲ್ಲಿ ನಿಜವಾಗಿಲ್ಲ. ಇದಕ್ಕೆ ಸಿದ್ಧವಿಲ್ಲದ ದೇಶಗಳು ಕನಿಷ್ಠಪಕ್ಷ ಗಡುವುಗಳನ್ನು ಸಡಿಲಿಸಬಹುದು. ಹೊರದೇಶದಲ್ಲಿ ಹುಟ್ಟಿ ಅಲ್ಲಿನ ಪೌರತ್ವವೂ ದೊರೆತ ಮಗುವಿನ ಪರವಾಗಿ ಮೂರು ತಿಂಗಳೊಳಗೆ ಅರ್ಜಿ ಸಲ್ಲಿಸದಿದ್ದರೆ ಜಪಾನಿನ ಪೌರತ್ವ ಹುಟ್ಟಿದ ದಿನದಿಂದಲೇ ಇಲ್ಲವಾಗುತ್ತದೆ. ಈ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿದಿದೆ. ತಂದೆತಾಯಿ ಭಾರತದ ಪೌರತ್ವವನ್ನು ತ್ಯಜಿಸಿದರೆ ಅಪ್ರಾಪ್ತ ಮಗುವಿನ ಪೌರತ್ವವೂ ಹೋಗುತ್ತದೆ. 1955ರ ಕಾಯಿದೆಯ 8ನೆಯ ಪ್ರಕರಣ ಅದನ್ನು ಮರಳಿ ಪಡೆಯಲು 18 ತುಂಬಿದ ಮೇಲೆ ಒಂದು ವರ್ಷದ ಅವಕಾಶ ಕೊಡುತ್ತದೆ. ಆ ಒಂದು ವರ್ಷದಲ್ಲಿ ಹೆಚ್ಚಿನವರು ಕಾಲೇಜು ಸೇರುವ ಗಡಿಬಿಡಿಯಲ್ಲಿರುತ್ತಾರೆ. ತಂದೆಯ ಅಥವಾ ತಾಯಿಯ ದೇಶದ ಕಡೆಗೆ ಮನಸ್ಸು ತಿರುಗುವುದು ಬಹಳಷ್ಟು ಜನರಲ್ಲಿ ತಡವಾಗಿ, ಸ್ವಂತ ಮಗು ಹುಟ್ಟಿದಾಗ, ಅಥವಾ ಆ ದೇಶವನ್ನು ಮನೆಗೆ ತಂದಿದ್ದ ಹಿರಿಯರು ತೀರಿಕೊಂಡಾಗ. ಹುಟ್ಟಿನಿಂದ ಬಂದಿದ್ದ ಹಕ್ಕನ್ನು ಆ ವಯಸ್ಸಿನಲ್ಲಿ ಕೇಳಿ ಪಡೆಯಲು ಕಾನೂನು ಬಾಗಿಲು ತೆರೆದಿಟ್ಟರೆ ಯಾವ ದೇಶವೂ ಕಳೆದುಕೊಳ್ಳುವುದೇನಿಲ್ಲ; ಅರ್ಜಿ ಹಾಕುವವರು ಹುಟ್ಟಿನಿಂದ ಆ ದೇಶದ ಮಕ್ಕಳೇ ಆಗಿರುತ್ತಾರೆ.